ಮಲೆನಾಡಿಗನೂ ಮಂಜಿನ ಚಿತ್ರವೂ

ಚೆಲುವಾದ ನಾಡಿನಲ್ಲಿ ಹುಟ್ಟಿ ಬೆಳೆದವನಿಗೆ ಆ ಚೆಲುವು ಕಣ್ಣಿಗೆ ಬೀಳುವುದು ಅಪರೂಪ. ಶಿರಸಿ, ಸಿದ್ಧಾಪುರ, ಯಲ್ಲಾಪುರಗಳ ಕಡೆಯ ತೋಟಿಗನನ್ನು ನೋಡಿದರೆ ಈ ಮಾತು ದಿಟವೆಂದು ತಿಳಿದೀತು. ಬೆಳಗಾಗೆದ್ದು ಅವನು ಅಂಗಳಕ್ಕೆ ಬಂದು ನಿಂತರೆ ಎದುರಿಗೆ ಅಡಕೆಯ ತೋಟ, ತೋಟದಾಚೆ ಗದ್ದೆ, ಗದ್ದೆಯಾಚೆ ಸೊಪ್ಪಿನ ಬೆಟ್ಟ, ಬೆಟ್ಟದ ಮೇಲೆ ಕಾನು, ಕಾನಿನ ಮೇಲೆ ಮಂಜು, ಹೀಗೆ ಒಂದರ ಹಿಂದೊಂದು ನಿಂತಿರುವುವು. ಪರಸ್ಥಳದಿಂದ ಬಂದವನು ಇದನ್ನು ಕಂಡು ಮೈಮರೆಯುವನು. ತೋಟಿಗನು ಮೋಡದ ಬಣ್ಣವನ್ನೊಮ್ಮೆ ನೋಡಿ, ಈ ದಿನ ಆಳು ಬಂದಾರೋ ಇಲ್ಲವೋ ಎಂದು ಚಿಂತಿಸುತ್ತ ದಣಪೆಯನ್ನು ದಾಟುವನು. ಇಷ್ಟರಿಂದಲೇ ಅವನು ಅರಸಿಕನೆಂದು ಹೇಳಲಾಗದು. ಆ ನೆಲದಲ್ಲಿ ಅವನ ಅನ್ನವಿದೆ, ಸಾಲವಿದೆ, ಹಿರಿಯರ ಬೆವರಿದೆ. ಬದುಕನ್ನು ದೃಶ್ಯವಾಗಿ ಕಾಣಬೇಕಾದರೆ ಅದರಿಂದ ನಾಲ್ಕು ಮಾರು ಹಿಂದಕ್ಕೆ ಸರಿದು ನಿಲ್ಲಬೇಕಾಗುವುದು. ಹಾಗೆ ಸರಿದು ನಿಲ್ಲುವುದನ್ನು ಕಲಿಸುವ ಸಾಧನಗಳಲ್ಲಿ ನಿಸರ್ಗಚಿತ್ರವು ಒಂದು.

ನಿಸರ್ಗಚಿತ್ರವೆಂಬುದು ಕನ್ನಡ ನಾಡಿಗೆ ತಡವಾಗಿ ಬಂದ ಅತಿಥಿ. ಗುಡ್ಡ, ಹೊಳೆ, ಮೋಡಗಳು ಇಲ್ಲಿಯ ಕಲೆಯಲ್ಲಿ ಇಲ್ಲದೆ ಇರಲಿಲ್ಲ. ಆದರೆ ಅವು ತಾವೇ ನಾಯಕರಾಗಿರಲಿಲ್ಲ. ಆಲಂಕಾರಿಕರ ಲೆಕ್ಕದಲ್ಲಿ ಬೆಳದಿಂಗಳು, ಮಳೆಗಾಲ, ವಸಂತ ಮೊದಲಾದುವು ಉದ್ದೀಪನ ವಿಭಾವಗಳು. ನಾಯಕನ ಎದೆಯಲ್ಲಿ ಮೊದಲೇ ಇದ್ದ ಕಿಡಿಯನ್ನು ಊದುವ ಗಾಳಿಯಂತೆ ಅವುಗಳ ಕೆಲಸ. ಶಿರಸಿ ತಾಲೂಕಿನಲ್ಲಿ ವರದೆಯ ದಂಡೆಯ ಮೇಲಿರುವ ಬನವಾಸಿಯನ್ನು ಪಂಪನು ತನ್ನ ಭಾರತಕಥೆಯಲ್ಲಿ ಕೊಂಡಾಡಿರುವುದನ್ನು ಅರಿಯದ ಕನ್ನಡಿಗರಿಲ್ಲ. ಆದರೆ ಅದನ್ನು ಓದಿದವನ ಕಣ್ಣಮುಂದೆ ಬನವಾಸಿಯ ನಕ್ಷೆ ಮೂಡುವುದಿಲ್ಲ. ದೂರದಲ್ಲಿದ್ದು ಊರನ್ನು ನೆನೆಯುವ ಒಂದು ಜೀವದ ಹಂಬಲವು ಮೂಡುವುದು. ಊರಿನ ಚಿತ್ರಕಲೆಯ ರೀತಿಯೂ ಬೇರೆಯೇ. ಶಿರಸಿಯ ಮಾರಿಕಾಂಬೆಯ ಗುಡಿಗೆ ಹೆಸರು ತಂದ ಕಾವಿ ಕಲೆಯಲ್ಲಿ ಬಿಳಿಯ ಸುಣ್ಣದ ಗಾರೆಯ ಮೇಲೆ ಕೆಂಪು ಪದರವನ್ನು ಬಳಿದು, ಅದು ಆರುವ ಮೊದಲೇ ಕೆರೆದು ರೂಪಗಳನ್ನು ತೆಗೆಯುವರು. ದೀವರ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳುಪಿನಿಂದ, ಪುಂಡಿಯ ನಾರಿನ ಕುಂಚ ಹಿಡಿದು ಹಸೆ ಚಿತ್ತಾರವನ್ನು ಬರೆಯುವರು. ಅಲ್ಲಿ ಗಿಡವಿದೆ, ಹಕ್ಕಿಯಿದೆ, ಭತ್ತದ ತೆನೆಯಿದೆ. ಆದರೆ ಅವೆಲ್ಲವನ್ನೂ ಒಂದು ಕಡೆ ನಿಂತು ನೋಡಿದ ಒಂದು ಕಣ್ಣು ಅಲ್ಲಿಲ್ಲ. ಆ ಚಿತ್ತಾರಕ್ಕೆ ಅದು ಬೇಕಾಗಿಯೂ ಇಲ್ಲ. ಒಂದು ಕಣ್ಣು, ಒಂದು ತಾಣ, ಒಂದು ಗಳಿಗೆ, ಈ ಮೂರು ಕೂಡಿದಾಗ ನಿಸರ್ಗಚಿತ್ರವು ಹುಟ್ಟುವುದು.

ಕನ್ನಡ ನಾಡಿನಲ್ಲಿ ಈ ಮೂರನ್ನೂ ಕೂಡಿಸಿದವರಲ್ಲಿ ಕೆ. ವೆಂಕಟಪ್ಪನವರು ಅಗ್ರಗಣ್ಯರು. ಪರಂಪರೆಯಿಂದ ಚಿತ್ರಗಾರರಾದ ಮನೆತನದಲ್ಲಿ ಹುಟ್ಟಿದ ಇವರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯ ಪಡೆದು, 1909ರಲ್ಲಿ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರಲ್ಲಿ ಶಿಷ್ಯವೃತ್ತಿ ಮಾಡಿದರು. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರ ಪುರಾಣಕಥೆಗಳ ಗ್ರಂಥದಲ್ಲಿ ಇವರ ಚಿತ್ರಗಳಿವೆ. ಮೈಸೂರಿಗೆ ಮರಳಿದ ಮೇಲೆ ವೀಣೆ ಶೇಷಣ್ಣನವರಲ್ಲಿ ವೀಣೆಯನ್ನು ಕಲಿತರು. 1920ರ ದಶಕದ ನಡುವಿನಿಂದ ಮುಂದಕ್ಕೆ ಉದಕಮಂಡಲ, ಕೊಡೈಕನಾಲುಗಳ ಬೆಟ್ಟಗಳನ್ನು ಜಲವರ್ಣದಲ್ಲಿ ಚಿತ್ರಿಸಿದರು. ಮುಂಗಾರಿನ ಮೋಡ, ಮಂಜು, ಕೆರೆ, ಮರಗಳ ಸಾಲು ಇವೇ ಅಲ್ಲಿಯ ವಿಷಯ. ಪುರಾಣದ ನಾಯಕರನ್ನು ಬರೆದ ಕೈಯೇ ಇಲ್ಲಿ ಗುಡ್ಡಕ್ಕೂ ಮೋಡಕ್ಕೂ ನಾಯಕನ ಪದವಿಯನ್ನು ಕೊಟ್ಟಿತು. 1965ರಲ್ಲಿ ತೀರಿಕೊಂಡ ಈ ಏಕಾಂತಪ್ರಿಯ ಕಲಾವಿದರ ಹೆಸರಿನ ಸರ್ಕಾರಿ ಚಿತ್ರಶಾಲೆಯು ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿದೆ.

ಇಂಥ ಮಂಜಿನ ಚಿತ್ರವೊಂದು ಸಿದ್ಧಾಪುರದ ಕಡೆಯ ಯಾವುದಾದರೊಂದು ಮನೆಯ ಜಗಲಿಯ ಗೋಡೆಯನ್ನು ಅಲಂಕರಿಸಿದೆಯೆಂದು ಎಣಿಸಿಕೊಳ್ಳಬಹುದು. ಕೆಳಗೆ ಕಪ್ಪಾದ ಮರಗಳ ಸಾಲು. ನಡುವೆ ಅರ್ಧದಷ್ಟು ಜಾಗವನ್ನು ತುಂಬಿದ ಬಿಳಿಯ ಮಂಜು. ಅದರ ಮೇಲೆ ತೇಲುವಂತೆ ತೋರುವ ಒಂದು ಬೆಟ್ಟದ ನೆತ್ತಿ. ಬಲಗಡೆ, ಬಹು ದೂರದಲ್ಲಿ, ಮೋಡ ಸೀಳಿ ಬಂದ ಒಂದಿಷ್ಟು ಬೆಳಕು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಅಳಿಯನು ಇದನ್ನು ನೋಡಿ, ಇದರಲ್ಲಿ ಏನೋ ವಿರಹವಿದೆ ಎನ್ನುವನು. ರಾಣೆಬೆನ್ನೂರಿನ ಕಡೆಯಿಂದ ಅಡಕೆಯ ವ್ಯವಹಾರಕ್ಕೆ ಬಂದ ನೆಂಟನು, ಇಂಥ ಮೋಡವು ತಮ್ಮೂರಿನ ಮೇಲೆ ಒಂದು ದಿನ ನಿಂತಿದ್ದರೆ ಜೋಳವು ಬದುಕುತ್ತಿತ್ತೆಂದು ನಿಟ್ಟುಸಿರಿಡುವನು. ಮನೆಯ ಯಜಮಾನನು ಕವಳವನ್ನು ಒಂದು ಕೆನ್ನೆಗೆ ಸರಿಸಿಕೊಂಡು, “ಮಳೆ ಹಿಂಗೇ ಹಿಡ್ಕಂಡ್ರೆ ಈ ವರ್ಷ ಕೊಳೆ ತಪ್ತಿಲ್ಲೆ” ಎನ್ನುವನು.

ಯಜಮಾನನ ಮಾತಿಗೆ ನಗುವವರು ಕೊಳೆರೋಗವನ್ನು ಬಲ್ಲವರಲ್ಲ. ಆರಿದ್ರೆ, ಪುನರ್ವಸು, ಪುಷ್ಯಗಳ ಮಳೆ ಬಿಡುವಿಲ್ಲದೆ ಹಿಡಿದು, ಬಿಸಿಲು ಕಾಣದೆ ಮಂಜು ತೋಟದಲ್ಲಿ ನಿಂತಿತೆಂದರೆ ಎಳೆಯ ಅಡಕೆಯು ನೀರುಗಲೆಯಾಗಿ ಕೊಳೆತು ಉದುರುವುದು. ಬಿದ್ದ ಕಾಯಿಯ ಮೇಲೆ ಬಿಳಿಯ ಬೂಷ್ಟು ಹಬ್ಬುವುದು. ಮರವೂ ಕೆಲವೊಮ್ಮೆ ಸುಳಿ ಕೊಳೆತು ಸಾಯುವುದು. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ನರು ಈ ರೋಗವನ್ನು ಕುರಿತು 1910ರಲ್ಲಿ ಪ್ರಕಟಿಸಿದ ಶೋಧದಿಂದ ಈ ಕನ್ನಡ ಹೆಸರೇ ಪರದೇಶದ ಶಾಸ್ತ್ರಗ್ರಂಥಗಳನ್ನು ಸೇರಿತು. ಗೊನೆಗಳಿಗೆ ಕೊಟ್ಟೆ ಕಟ್ಟುವುದು ಹಳೆಯ ಉಪಾಯ. ಮೈಲುತುತ್ತ, ಸುಣ್ಣಗಳ ಬೋರ್ಡೋ ದ್ರಾವಣವನ್ನು ಹೊಡೆಯುವುದು ಆಮೇಲೆ ಬಂದ ಉಪಾಯ. ಮಳೆ ಬಿಡುವು ಕೊಡದಿದ್ದರೆ ಕೊನೆಗಾರನು ಮರವನ್ನು ಹತ್ತಲಾರನು, ಹೊಡೆದ ಮದ್ದೂ ನಿಲ್ಲಲಾರದು. ಆದುದರಿಂದ ಅಳಿಯನಿಗೆ ವಿರಹವಾಗಿ ತೋರಿದ ಆ ಬಿಳುಪು ಯಜಮಾನನಿಗೆ ಒಂದು ವರ್ಷದ ಉತ್ಪನ್ನದ ಪ್ರಶ್ನೆಯಾಗಿ ತೋರಿದರೆ ಅದು ತಪ್ಪಲ್ಲ.

ಆದರೆ ಇಲ್ಲಿ ಒಂದು ತೊಡಕು ಹುಟ್ಟುವುದು. ಒಂದೇ ಚಿತ್ರದಲ್ಲಿ ಒಬ್ಬನಿಗೆ ವಿರಹ, ಒಬ್ಬನಿಗೆ ಆಸೆ, ಒಬ್ಬನಿಗೆ ಅಂಜಿಕೆ ಕಂಡಿತೆಂದರೆ, ಭಾವವೆಂಬುದು ಚಿತ್ರದಲ್ಲಿ ಇಲ್ಲವೇ ಇಲ್ಲ, ನೋಡುವವನ ತಲೆಯಲ್ಲಿದೆ ಎಂದು ಹೇಳಬೇಕಾಗುವುದೆ? ಹಾಗಾದರೆ ಚಿತ್ರಗಾರನ ದುಡಿಮೆಗೆ ಅರ್ಥವೇನು? ಮಂಜಿನ ಬದಲು ಬರಿಯ ಬಿಳಿಯ ಕಾಗದವನ್ನೇ ತೂಗಹಾಕಿದರೂ ಆಗುತ್ತಿತ್ತಲ್ಲವೆ? ಈ ತೊಡಕನ್ನು ಬಿಡಿಸಬೇಕಾದರೆ ಚಿತ್ರದಲ್ಲಿ ಏನಿದೆ ಎಂಬ ಪ್ರಶ್ನೆಯನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ಯಾವುದು ಎಲ್ಲಿದೆ ಎಂದು ಕೇಳಬೇಕು. ಭಾರತೀಯ ಚಿತ್ರಶಾಸ್ತ್ರವು ಷಡಂಗಗಳನ್ನು ಹೇಳುವಾಗ ಭಾವವನ್ನೂ ಲಾವಣ್ಯಯೋಜನವನ್ನೂ ಒಂದರ ಪಕ್ಕದಲ್ಲಿ ಒಂದನ್ನು ಇಟ್ಟಿರುವುದು ಅರ್ಥವತ್ತಾಗಿದೆ. ವೆಂಕಟಪ್ಪನವರ ಗುರುಗಳಾದ ಅವನೀಂದ್ರರು ಈ ಷಡಂಗಗಳ ಮೇಲೆ ಪ್ರತ್ಯೇಕವಾಗಿ ಬರೆದಿರುವರು. ಯೋಜನವೆಂದರೆ ಕೂಡಿಸುವುದು, ಅಳವಡಿಸುವುದು. ಭಾವವು ಚಿತ್ರದೊಳಕ್ಕೆ ಬರುವುದು ಈ ಅಳವಡಿಕೆಯ ಬಾಗಿಲಿನಿಂದಲೇ.

ಮೊದಲನೆಯದಾಗಿ, ಚಿತ್ರಗಾರನು ನೋಡುವವನನ್ನು ಎಲ್ಲಿ ನಿಲ್ಲಿಸಿದ್ದಾನೆ ಎಂಬುದು. ಹನ್ನೊಂದನೆಯ ಶತಮಾನದ ಚೀನೀ ಚಿತ್ರಗಾರ ಗುವೊ ಶಿ ಎಂಬವನು ಬೆಟ್ಟಗಳ ಚಿತ್ರದಲ್ಲಿ ಮೂರು ಬಗೆಯ ದೂರಗಳನ್ನು ಹೇಳಿದನು: ಬುಡದಲ್ಲಿ ನಿಂತು ನೆತ್ತಿಯನ್ನು ನೋಡುವ ಎತ್ತರದ ದೂರ, ಎದುರು ನಿಂತು ಬೆಟ್ಟದ ಹಿಂದಣ ಬೆಟ್ಟವನ್ನು ಇಣಿಕುವ ಆಳದ ದೂರ, ಹತ್ತಿರದ ಬೆಟ್ಟದಿಂದ ದೂರದ ಬೆಟ್ಟಗಳವರೆಗೆ ಕಣ್ಣು ಹಾಯಿಸುವ ಸಮತಲದ ದೂರ. ಘಟ್ಟದ ಮೇಲಿನ ಈ ಮೂರು ತಾಲೂಕುಗಳಲ್ಲಿ ಮೂರಕ್ಕೂ ಉದಾಹರಣೆ ಸಿಗುವುದು. ತೋಟದ ತಳದಲ್ಲಿ ನಿಂತವನಿಗೆ ಮರದ ಕಂಬಗಳ ನಡುವೆ ಮೇಲಕ್ಕೆ ಹೋಗುವ ದೃಷ್ಟಿಯೇ ಇರುವುದು, ಆಕಾಶವು ಅಂಗೈಯಷ್ಟು. ದೇವಿಮನೆಯ ಘಟ್ಟದ ತಿರುವಿನಲ್ಲಿ ಗುಡ್ಡದ ಹಿಂದೆ ಗುಡ್ಡ, ಕಾಡಿನೊಳಗೆ ಕಾಡು. ಯಲ್ಲಾಪುರದ ಜೇನುಕಲ್ಲು ಗುಡ್ಡದ ಮೇಲೆ ನಿಂತರೆ ಬೇಡ್ತಿಯ ಕಣಿವೆಯೆಲ್ಲ ಕೆಳಗೆ ಹಾಸಿಕೊಂಡು, ಸೂರ್ಯನು ಮುಳುಗುವ ಕಡೆಗೆ ಕಣ್ಣು ತಡೆಯಿಲ್ಲದೆ ಹರಿಯುವುದು. ಮೊದಲನೆಯದರಲ್ಲಿ ಮನಸ್ಸು ಚಿಕ್ಕದಾಗಿ ವಿನೀತವಾಗುವುದು, ಎರಡನೆಯದರಲ್ಲಿ ಗುಟ್ಟೊಂದನ್ನು ಬಯಸುವುದು, ಮೂರನೆಯದರಲ್ಲಿ ಹಗುರಾಗುವುದು. ಮರವೂ ಅದೇ, ಮಂಜೂ ಅದೇ. ನಿಂತ ತಾಣ ಬೇರೆ.

ಜೋಗದಷ್ಟು ಸ್ಪಷ್ಟವಾಗಿ ಈ ಸತ್ಯವನ್ನು ತೋರಿಸುವ ಸ್ಥಳವು ಬೇರೊಂದಿಲ್ಲ. ಶರಾವತಿಯು ಸುಮಾರು 253 ಮೀಟರು ಧುಮುಕುವ ಆ ಕಮರಿಯ ಒಂದು ದಂಡೆ ಸಿದ್ಧಾಪುರ ತಾಲೂಕಿಗೆ, ಇನ್ನೊಂದು ದಂಡೆ ಸಾಗರಕ್ಕೆ ಸೇರಿದೆ. 1956ರ ಮೊದಲು ಇವು ಬೇರೆ ಬೇರೆ ಆಳ್ವಿಕೆಗಳಿಗೆ ಸೇರಿದ್ದುವು; ಸಿದ್ಧಾಪುರದ ಬದಿಯಲ್ಲಿ ಮುಂಬಯಿ ಸರ್ಕಾರದ ಬಂಗಲೆ, ಎದುರು ಬದಿಯಲ್ಲಿ ಮೈಸೂರಿನ ಬಂಗಲೆ. ಮೈಸೂರಿನ ಬದಿಯಿಂದ ನೋಡಿದವನಿಗೆ ರಾಜ, ರೋರರ್, ರಾಕೆಟ್, ರಾಣಿ ಎಂಬ ನಾಲ್ಕು ಧಾರೆಗಳೂ ಎಡದಿಂದ ಬಲಕ್ಕೆ ಒಂದು ಸಭೆಯಂತೆ ಎದುರು ಕಾಣುವುವು. ಸಿದ್ಧಾಪುರದ ಬದಿಯಲ್ಲಿ, ರಾಜನ ನೆತ್ತಿಯ ಹತ್ತಿರದ ಬಂಡೆಯಿಂದ ಇಣಿಕಿದವನಿಗೆ ಅಂಥ ಸಭೆಯೊಂದೂ ಇಲ್ಲ. ಕಾಲ ಬುಡದಿಂದ ನೀರು ಹೊರಟು ಕೆಳಗಿನ ಹೊಗೆಯಲ್ಲಿ ಇಲ್ಲವಾಗುವುದು. ಆ ನೋಟಕ್ಕೆ ದಿಗಂತವೂ ಇಲ್ಲ, ಚೌಕಟ್ಟೂ ಇಲ್ಲ. ಒಂದೇ ಗಳಿಗೆಯಲ್ಲಿ ಇಬ್ಬರು ಚಿತ್ರಗಾರರು ಎರಡು ದಂಡೆಗಳಲ್ಲಿ ಕುಳಿತು ಅದೇ ನೀರನ್ನು ಬರೆದರೆ, ಒಂದರಲ್ಲಿ ಗಾಂಭೀರ್ಯವೂ ಇನ್ನೊಂದರಲ್ಲಿ ಭಯಾನಕವೂ ಮೂಡುವುದು. ಆ ವ್ಯತ್ಯಾಸವನ್ನು ಶರಾವತಿಯು ಮಾಡಲಿಲ್ಲ. ಕುಳಿತ ಕಲ್ಲು ಮಾಡಿತು.

ಎರಡನೆಯದಾಗಿ, ಆಕಾಶಕ್ಕೆ ಕೊಟ್ಟ ಪಾಲು ಮತ್ತು ಬೆಳಕಿನ ತಾವು. ಇಂಗ್ಲೆಂಡಿನ ಕಾನ್‌ಸ್ಟೇಬಲ್ ಎಂಬ ಚಿತ್ರಗಾರನು 1821 ಮತ್ತು 1822ರಲ್ಲಿ ಲಂಡನ್ನಿನ ಬಳಿಯ ಹ್ಯಾಂಪ್‌ಸ್ಟೆಡ್ಡಿನಲ್ಲಿ ಬರಿಯ ಮೋಡಗಳನ್ನೇ ಮತ್ತೆ ಮತ್ತೆ ಚಿತ್ರಿಸಿ, ಅವುಗಳ ಹಿಂಬದಿಯಲ್ಲಿ ದಿನ, ವೇಳೆ, ಗಾಳಿಯ ದಿಕ್ಕುಗಳನ್ನು ಗುರುತು ಹಾಕುತ್ತಿದ್ದನು. ಮಹಾನಕ್ಷತ್ರದ ಹೆಸರು ಹಿಡಿದು ಮಳೆಯನ್ನು ಲೆಕ್ಕಹಾಕುವ ಮಲೆನಾಡಿಗನಿಗೆ ಇದು ವಿಚಿತ್ರವಾಗಿ ತೋರದು. ಮೋಡವನ್ನು ಬಲ್ಲವನೇ ಅದನ್ನು ಬರೆಯಬಲ್ಲನು. ಬಣ್ಣದ ಮಾತೂ ಹೀಗೆಯೇ. ಸ್ವಾತಂತ್ರ್ಯ ಹೋರಾಟಗಾರರೂ ಪತ್ರಿಕೋದ್ಯಮಿಗಳೂ ಆಗಿದ್ದ ರುಮಾಲೆ ಚನ್ನಬಸವಯ್ಯನವರು (1910–1988) ಬೆಂಗಳೂರಿನ ಹೂಬಿಟ್ಟ ಮರಗಳನ್ನು ಉರಿಯುವ ಬಣ್ಣಗಳಲ್ಲಿ ಬರೆದರು. ಅಲ್ಲಿ ಬೆಳಕು ಎಲ್ಲ ಕಡೆಯಿಂದಲೂ ಉಕ್ಕುವುದರಿಂದ ಭಾವವು ಉತ್ಸವದ್ದು. ಮಂಜಿನ ಚಿತ್ರದಲ್ಲಿ ಬೆಳಕು ಒಂದೇ ಕಡೆ, ಜಿಪುಣನ ಕೈಯಿಂದ ಬಿದ್ದ ಕಾಸಿನಂತೆ ಇರುವುದರಿಂದ, ಕಣ್ಣು ಅಲ್ಲಿಗೇ ಹೋಗಿ ಅಲ್ಲಿಯೇ ನಿಲ್ಲುವುದು.

ಮೂರನೆಯದಾಗಿ, ಬಿಟ್ಟುದು. ಮಲೆನಾಡಿನಲ್ಲಿ ಚಿತ್ರ ಬರೆಯ ಹೊರಟವನಿಗೆ ದೊಡ್ಡ ಕಷ್ಟವೆಂದರೆ ಎಲ್ಲವೂ ಹೆಚ್ಚಾಗಿರುವುದು. ಹಸುರಿನ ಮೇಲೆ ಹಸುರು, ಬಳ್ಳಿಯ ಮೇಲೆ ಬಳ್ಳಿ. ಎಲ್ಲವನ್ನೂ ಬರೆದರೆ ಅದು ವನಸ್ಪತಿಗಳ ಪಟ್ಟಿಯಾದೀತು. ಮಂಜು ಇಲ್ಲಿ ಚಿತ್ರಗಾರನ ಗೆಳೆಯ. ಅದು ನಡುವಣ ನೂರು ವಿವರಗಳನ್ನು ಒರಸಿ, ಹತ್ತಿರದ ಒಂದು ಮರವನ್ನೂ ದೂರದ ಒಂದು ನೆತ್ತಿಯನ್ನೂ ಉಳಿಸುವುದು. ಜಲವರ್ಣದಲ್ಲಿ ಆ ಬಿಳುಪು ಎಷ್ಟೋ ಸಲ ಬಣ್ಣ ಮುಟ್ಟದ ಕಾಗದವೇ. ಬರೆಯದೆ ಬಿಟ್ಟ ಆ ಜಾಗದಲ್ಲಿಯೇ ನೋಡುವವನಿಗೆ ಕುಳಿತುಕೊಳ್ಳಲು ಎಡೆ ಸಿಗುವುದು.

ಇಷ್ಟನ್ನು ತಿಳಿದುಕೊಂಡು ಜಗಲಿಯ ಚಿತ್ರವನ್ನು ನೋಡಿದರೆ ತೊಡಕು ಬಿಡುವುದು. ಕೆಳಗಿನ ಕಪ್ಪು ಮರಗಳ ಸಾಲು ನೋಡುವವನನ್ನು ಗಟ್ಟಿ ನೆಲದ ಮೇಲೆ ನಿಲ್ಲಿಸಿದೆ. ಅವನು ತೇಲುತ್ತಿಲ್ಲ, ಓಡುತ್ತಿಲ್ಲ. ಮಂಜು ಅವನನ್ನು ಮುಂದೆ ಹೋಗಗೊಡದು, ದಾರಿಯಿಲ್ಲ, ಸಂಕವಿಲ್ಲ. ಬೆಳಕು ಇದೆ, ಆದರೆ ಬಲಗಡೆ, ಬಹು ದೂರದಲ್ಲಿ, ಇನ್ನೂ ಇಲ್ಲಿಗೆ ಬಂದಿಲ್ಲ. ನಿಂತಿರುವುದು, ತಡೆದಿರುವುದು, ದೂರದಲ್ಲೊಂದು ಬೆಳಕು: ಈ ಮೂರರ ಕೂಡಿಕೆಗೆ ಕಾಯುವಿಕೆ ಎಂದಲ್ಲದೆ ಬೇರೆ ಹೆಸರಿಲ್ಲ. ಅಳಿಯನು ಯಾರನ್ನೋ ಕಾಯುತ್ತಿರುವನು. ಬಯಲುಸೀಮೆಯ ನೆಂಟನು ಮಳೆಯನ್ನು ಕಾಯುತ್ತಿರುವನು. ಯಜಮಾನನು ಬಿಸಿಲನ್ನು ಕಾಯುತ್ತಿರುವನು. ಮೂವರೂ ಬೇರೆ ಬೇರೆ ಮಾತನಾಡಿದರೂ ಚಿತ್ರವು ಮೂವರನ್ನೂ ಒಂದೇ ಭಂಗಿಯಲ್ಲಿ ನಿಲ್ಲಿಸಿತು. ಚಿತ್ರದ ವಿನ್ಯಾಸವು ಪಾತ್ರೆ. ಅದಕ್ಕೆ ಒಂದು ಆಕಾರವುಂಟು. ಅದರಲ್ಲಿ ತುಂಬುವ ನೀರನ್ನು ನೋಡುವವನು ತನ್ನ ತನ್ನ ಬಾವಿಯಿಂದಲೇ ಸೇದಿ ತರಬೇಕು. ಬೆಳಕನ್ನು ಮರಗಳ ಮೇಲೆಯೇ ಇಟ್ಟಿದ್ದರೆ ಪಾತ್ರೆಯ ಆಕಾರವೇ ಬೇರೆಯಾಗುತ್ತಿತ್ತು. ಆಗ ವಿರಹಿಗೂ ಅಂಜುಬುರುಕನಿಗೂ ಅಲ್ಲಿ ಎಡೆಯಿರುತ್ತಿರಲಿಲ್ಲ.

ಪಾತ್ರೆಯು ಹಾಗೆಯೇ ಇದ್ದು ನೀರು ಬದಲಾಗುವ ಸಂದರ್ಭಗಳೂ ಉಂಟು. ಜೋಗದ ಹಳೆಯ ಚಿತ್ರಗಳನ್ನು ಬರೆದವರು ಬೆರಗಿನಿಂದ ಬರೆದರು. 1948ರಲ್ಲಿ ಅಲ್ಲಿಯ ವಿದ್ಯುದಾಗಾರವು ಕೆಲಸವನ್ನಾರಂಭಿಸಿತು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿಯಿತು. ನಾಡಿಗೆ ಬೆಳಕು ಬಂದಿತು. ಶರಾವತಿಯ ಕಣಿವೆಯ ಎಷ್ಟೋ ಮನೆ, ಗದ್ದೆ, ತೋಟಗಳು ನೀರಿನಡಿಯಾದುವು. ಅಂದಿನಿಂದ ಜೋಗವು ಮಳೆಗಾಲದಲ್ಲಿ ಜೋಗವಾಗಿ, ಬೇಸಿಗೆಯಲ್ಲಿ ಒದ್ದೆಯಾದ ಬಂಡೆಯಾಗಿ ಉಳಿದಿದೆ. ಆ ಹಳೆಯ ಚಿತ್ರಗಳಲ್ಲಿ ಒಂದು ಗೆರೆಯೂ ಬದಲಾಗಿಲ್ಲ. ಆದರೆ ಇಂದು ಅವುಗಳನ್ನು ನೋಡುವ ಮುದುಕನ ಗಂಟಲು ಬಿಗಿದುಕೊಂಡರೆ, ಆ ಕರುಣೆಯನ್ನು ಚಿತ್ರಗಾರನು ಇಟ್ಟಿರಲಿಲ್ಲ, ಕಾಲವು ತಂದಿಟ್ಟಿತು. ನಿಸರ್ಗಚಿತ್ರಕ್ಕೆ ಹೀಗೊಂದು ಅನಿರೀಕ್ಷಿತವಾದ ಕರ್ತವ್ಯವೂ ಒದಗುವುದು. ಎದುರಿದ್ದುದನ್ನು ಇದ್ದಹಾಗೆ ಪ್ರೀತಿಯಿಂದ ಬರೆದರೆ ಅದು ಮುಂದೊಂದು ದಿನ ಸಾಕ್ಷಿ ಹೇಳುವುದು.

ನೆಲದ ಒಳಗೇ ಇದ್ದು ಅದನ್ನು ದೃಶ್ಯವಾಗಿ ಕಾಣದವನಿಗೆ ಅದರ ಮೇಲೆ ಪ್ರೀತಿಯಿಲ್ಲವೆಂದು ಯಾರಾದರೂ ತಿಳಿದಿದ್ದರೆ, 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲೂಕಿನ ಸಾಲ್ಕಣಿಯ ಬಳಿಯ ಕಳಸೆ ಕಾಡಿನಲ್ಲಿ ನಡೆದುದನ್ನು ನೆನೆಯಬೇಕು. ಕಡಿಯಲು ಗುರುತು ಹಾಕಿದ್ದ ಮರಗಳನ್ನು ಊರಿನ ಗಂಡಸರೂ ಹೆಂಗಸರೂ ಹೋಗಿ ತಬ್ಬಿಕೊಂಡರು. ಅಪ್ಪಿಕೋ ಚಳವಳಿಯು ಹೀಗೆ ಮೊದಲಾಯಿತು. ಅವರಲ್ಲಿ ಹಲವರು ಆ ಕಾಡನ್ನು ಕುರಿತು ‘ಎಷ್ಟು ಚೆಂದ’ ಎಂದು ಒಮ್ಮೆಯೂ ಬಾಯಿಬಿಟ್ಟು ಹೇಳಿರಲಾರರು. ಸೊಪ್ಪು, ನೀರು, ದರಗು, ನೆರಳು ಎಂದಷ್ಟೇ ಹೇಳಿದ್ದಾರು. ಆದರೆ ಅದು ಹೋಗುವುದೆಂದು ತಿಳಿದ ಗಳಿಗೆಯಲ್ಲಿ ಅವರು ನಾಲ್ಕು ಮಾರು ಹಿಂದೆ ಸರಿದು ಅದನ್ನು ಕಂಡರು. ಕಂಡು, ಮತ್ತೆ ಮುಂದೆ ಹೋಗಿ ಅಪ್ಪಿಕೊಂಡರು. ಹೋಗುವ ಭಯವು ಅವರಿಗೆ ಕಲಿಸಿದುದನ್ನು ಒಳ್ಳೆಯ ಚಿತ್ರವು ಭಯವಿಲ್ಲದೆ ಕಲಿಸುವುದು.

ಆದುದರಿಂದ ಈ ಸೀಮೆಯ ನಿಸರ್ಗವನ್ನು ಬರೆಯುವ ಚಿತ್ರಗಾರನು ಅಳಿಯನ ವಿರಹಕ್ಕಾಗಿ ಮಾತ್ರ ಬರೆದರೆ ಸಾಲದು. ಯಜಮಾನನ ಅಂಜಿಕೆಗೂ ಅವನ ಚಿತ್ರದಲ್ಲಿ ತಾವಿರಬೇಕು. ಜಲಪಾತ, ಸೂರ್ಯಾಸ್ತಗಳನ್ನು ಬಣ್ಣಿಸುವ ಚಿತ್ರಗಳು ಪಂಚಾಂಗದ ಪಕ್ಕದಲ್ಲಿ ಬೇಕಾದಷ್ಟು ತೂಗುವುವು. ಅವುಗಳಲ್ಲಿ ಕೊಳೆರೋಗವಿಲ್ಲ, ಕೊನೆಗಾರನಿಲ್ಲ, ಒದ್ದೆಯಾದ ಕಟ್ಟಿಗೆಯ ಹೊಗೆಯಿಲ್ಲ. ಇವನ್ನೆಲ್ಲ ಬಿಡಿಬಿಡಿಯಾಗಿ ಬರೆಯಬೇಕೆಂದಲ್ಲ. ಮಂಜಿನ ತೂಕದಲ್ಲಿ, ಬೆಳಕಿನ ದೂರದಲ್ಲಿ ಇವು ತಿಳಿಯಬೇಕು. ನೋಡುವವನ ಹೊಣೆಯೂ ಕಡಮೆಯಲ್ಲ. ಚಿತ್ರದ ಮುಂದೆ ನಿಂತು ‘ಇದು ಯಾವ ಊರು?’ ಎಂದು ಕೇಳುವುದು ಸುಲಭ. ‘ಇವನು ನನ್ನನ್ನು ಎಲ್ಲಿ ನಿಲ್ಲಿಸಿದನು? ಏನನ್ನು ಮರೆಸಿದನು? ಬೆಳಕನ್ನು ನನ್ನಿಂದ ಎಷ್ಟು ದೂರ ಇಟ್ಟನು?’ ಎಂದು ತನ್ನನ್ನು ತಾನು ಕೇಳಿಕೊಳ್ಳುವವನೇ ಸಹೃದಯನು.

ಆಶ್ವಯುಜದ ಹುಣ್ಣಿಮೆಗೆ ದೀವರ ಮನೆಗಳಲ್ಲಿ ಭೂಮಿ ಹುಣ್ಣಿಮೆಯ ಬುಟ್ಟಿಯನ್ನು ಸಿದ್ಧಪಡಿಸುವರು. ಬುಟ್ಟಿಗೆ ಕೆಮ್ಮಣ್ಣು ಬಳಿದು, ಅದರ ಮೈತುಂಬ ಚಿತ್ತಾರ ಬರೆದು, ತುಂಬು ಗರ್ಭಿಣಿಯಾದ ಭೂಮಿಗೆ ಬಡಿಸಬೇಕಾದ ಅಡುಗೆಯನ್ನು ಅದರಲ್ಲಿ ತುಂಬಿ, ತಲೆಯ ಮೇಲೆ ಹೊತ್ತು ಗದ್ದೆಗೆ ಒಯ್ಯುವರು. ಪಟ್ಟಣದ ಚಿತ್ರಶಾಲೆಗಳಲ್ಲಿ ನೆಲವು ಚಿತ್ರವಾಗಿ ಗೋಡೆಗೆ ಬರುವುದು. ಇಲ್ಲಿ ಚಿತ್ರವೇ ನೆಲವನ್ನು ನೋಡಲು ಹೊರಡುವುದು. ಮಂಜಿನ ಚಿತ್ರವನ್ನು ಚೆನ್ನಾಗಿ ನೋಡಿದವನು ಕೂಡ ಹೀಗೆಯೇ, ನೋಡಿದುದನ್ನು ಕಣ್ಣಿನಲ್ಲಿ ಹೊತ್ತುಕೊಂಡು ತನ್ನ ತೋಟದ ದಣಪೆಯ ಕಡೆಗೆ ನಡೆದರೆ, ಚಿತ್ರಗಾರನು ಪಟ್ಟ ಶ್ರಮವು ಸಾರ್ಥಕವಾದೀತು.